ಗಾಜಿನ ಗೂಡಿನ ಮಾತು

ಅಮ್ಮನ ಶವಪೆಟ್ಟಿಗೆಯ ಸುತ್ತ ಕುರ್ಚಿ ಜೋಡಿಸುತ್ತಿದ್ದ ಮಗಳು, ಮೇಲೆ ಸರಿದ ಅಂಗಿಯ ತೋಳನ್ನು ಮತ್ತೆ ಮಣಿಕಟ್ಟಿನವರೆಗೆ ಎಳೆದುಕೊಂಡಳು. ಸೆಕೆಗೆ ಎಲ್ಲರೂ ಬೀಸಿಕೊಳ್ಳುತ್ತಿದ್ದಾಗ ಉದ್ದ ತೋಳಿನದು ಹಾಕಿದವಳು ಅವಳೊಬ್ಬಳೇ. ಯಾಕೆಂದು ಬಾಗಿಲ ಬಳಿ ನಿಂತಿದ್ದ ಗಂಡನಿಗೆ ಗೊತ್ತಿತ್ತು. ಸಂಜೆ ಅವನ ಜೊತೆ ವಾಪಸು ಹೊರಡಬೇಕು. ಬರುವುದಿಲ್ಲ ಎನ್ನುವ ಮಾತು ಬೆಳಗಿನಿಂದ ಗಂಟಲಿಗೆ ಬಂದು ಬಂದು ಹಿಂದಕ್ಕೆ ಹೋಗುತ್ತಿತ್ತು.

ಅಮ್ಮ ದುಭಾಷಿ. ದೇಶದೇಶಗಳ ಸಭೆಯಲ್ಲಿ ಗಾಜಿನ ಗೂಡಿನೊಳಗೆ ಕೂತು, ಒಬ್ಬರ ಮಾತನ್ನು ಇನ್ನೊಬ್ಬರ ಕಿವಿಗೆ ದಾಟಿಸುವ ಕೆಲಸ. ಮನೆಯಲ್ಲಿ ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಮಾತು ಮಾರಿ ಸಂಬಳ ತರುವವಳು ಮನೆಗೆ ಒಂದು ಚೂರೂ ಉಳಿಸಿಕೊಂಡು ಬರುವುದಿಲ್ಲ ಎಂದು ನೆಂಟರು ಛೇಡಿಸುತ್ತಿದ್ದರು. ಅಪ್ಪ ಇವತ್ತು ಅದನ್ನೇ ಬಂದವರಿಗೆಲ್ಲ ಹೊಗಳಿಕೆಯಾಗಿ ಹೇಳುತ್ತಿದ್ದರು, ಒಂದು ದಿನವೂ ಎದುರು ಮಾತಾಡಿದವಳಲ್ಲ ಎಂದು.

ಗೂಡಿನಲ್ಲಿ ಅಮ್ಮನ ಪಕ್ಕ ಕೂರುತ್ತಿದ್ದ ಜೊತೆಗಾತಿ ಅದನ್ನು ಕೇಳಿ ಚಹಾದ ಲೋಟ ಕೆಳಗಿಟ್ಟರು. ಮಗಳನ್ನು ಹತ್ತಿರ ಕರೆದರು.

"ನಿಮ್ಮಮ್ಮ ಕೆಲಸದಲ್ಲಿ ಒಂದೇ ಒಂದು ತಪ್ಪು ಮಾಡಿದ್ಲು ಕಣಮ್ಮ. ಇಷ್ಟು ದಿನ ಹೊಟ್ಟೇಲೇ ಇಟ್ಕೊಂಡಿದ್ದೆ."

*

ಮನೆಯೊಳಗೆ ಹೆಂಗಸರು ತಿನ್ನುವ ಪೆಟ್ಟನ್ನು ತಡೆಯುವ ಒಪ್ಪಂದಕ್ಕೆ ಸಹಿ ಹಾಕುವುದೋ ಬೇಡವೋ ಎಂದು ದೇಶಗಳು ಮೀನಮೇಷ ಎಣಿಸುತ್ತಿದ್ದ ಕಾಲ. ಪರದೇಶದ ಹೆಂಗಸೊಬ್ಬಳು ಸಾಕ್ಷಿ ಹೇಳಲು ಬಂದಿದ್ದಳು. ದುಭಾಷಿಗಳಿಗೊಂದು ಕಟ್ಟುಪಾಡಿದೆ. ಮಾತಾಡುವವರು 'ನಾನು' ಎಂದರೆ ಇವರೂ 'ನಾನು' ಎಂದೇ ಹೇಳಬೇಕು. ಹಾಗಾಗಿ ಅಮ್ಮ, ನನ್ನ ಗಂಡ ನನಗೆ ಹೊಡೆದ, ನಾನು ಬಾಗಿಲ ಹಿಂದೆ ಅಡಗಿಕೊಂಡೆ ಎಂದು ಏರಿಳಿತವಿಲ್ಲದ ದನಿಯಲ್ಲಿ ಹೇಳುತ್ತ ಹೋದಳು.

ಆ ಹೆಂಗಸು ನೀರು ಕುಡಿಯಲು ನಿಲ್ಲಿಸಿದಳು. ಅಮ್ಮ ನಿಲ್ಲಿಸಲಿಲ್ಲ. ಕಾದ ಇಸ್ತ್ರಿಪೆಟ್ಟಿಗೆ, ಎಡಭುಜ, ಮಗಳು ಏಳಬಾರದೆಂದು ಬಾಯಿಗೆ ತುರುಕಿಕೊಂಡ ಟವೆಲು, ಎಲ್ಲವೂ ಅದೇ ದನಿಯಲ್ಲಿ ಬಂದವು. ಅಮ್ಮನ ದೇಶದ ಪ್ರತಿನಿಧಿಗಳು ತಲೆ ತಗ್ಗಿಸಿ ಕೇಳಿದರು. ಪರದೇಶದವಳ ಕತೆಯೆಂದೇ ತಿಳಿದರು. ಸಭೆ ಮುಗಿಯುವ ಮೊದಲು ಸಹಿ ಹಾಕಿದರು. ಅಮ್ಮ ಮನೆಗೆ ಬಂದು ಎಂದಿನಂತೆ ಅಡುಗೆಗೆ ನಿಂತಳು.

*

"ಮೈಕಿನ ಗುಂಡಿ ನನ್ನ ಕೈ ಹತ್ರಾನೇ ಇತ್ತು. ಒತ್ತಿ ಬಂದ್ ಮಾಡ್ಬೇಕಿತ್ತು," ಎಂದರು ಜೊತೆಗಾತಿ. "ಕೈನ ಮಡಿಲಲ್ಲಿ ಇಟ್ಕೊಂಡು ಕೂತುಬಿಟ್ಟೆ."

ಅಮ್ಮನ ಭುಜದ ಕಲೆ ಬಿಸಿನೀರು ಚೆಲ್ಲಿ ಆದದ್ದೆಂದು ಮಗಳು ನಂಬಿದ್ದಳು. ಸಭೆಗೆಲ್ಲ ಹೇಳಿದವಳು ತನಗೆ ಹೇಳಲಿಲ್ಲವಲ್ಲ ಎಂದು ಮೊದಲು ಸಿಟ್ಟು ಬಂತು, ಆಮೇಲೆ ಅಳು.

ಮಣ್ಣು ಮಾಡಿ ಎಲ್ಲರೂ ಮನೆಗೆ ಬಂದು ಕೂತಾಗ ಗಂಡ ಕಾರಿನ ಕೀಲಿ ತೆಗೆದ. ಅಪ್ಪ ಹೋಗಿ ಬಾ ಎಂದರು. ಮಗಳು ಎದ್ದು ನಿಂತಳು.

"ನನ್ನ ಗಂಡ ನನಗೆ ಹೊಡೀತಾರೆ," ಎಂದಳು, ಏರಿಳಿತವಿಲ್ಲದ ದನಿಯಲ್ಲಿ. "ನಾನು ಅವರ ಜೊತೆ ಹೋಗಲ್ಲ."

ದುಃಖದಲ್ಲಿ ಏನೇನೋ ಆಡುತ್ತಿದ್ದಾಳೆ, ನೀವಾದರೂ ಸುಮ್ಮನಾಗಿಸಿ ಎಂದು ಅಪ್ಪ ಜೊತೆಗಾತಿಯ ಕಡೆ ತಿರುಗಿದರು. ಮಗಳು ಅಂಗಿಯ ತೋಳನ್ನು ಮೇಲಕ್ಕೆ ಮಡಚತೊಡಗಿದಳು. ಜೊತೆಗಾತಿ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೇ ಇದ್ದರು.