ಅವ್ವನ ಒಣಗಿದ ನಾಲಿಗೆ

ಮಕ್ತಲ್ ಬಸ್ ನಿಲ್ದಾಣದ ಎದುರು ಕಾಂತೇಶನ ಔಷಧಿ ಅಂಗಡಿ ಇದೆ. ಹದಿನೆಂಟು ವರ್ಷ ಅಲ್ಲಿ ಕುಳಿತು, ಎಂಥ ಡಾಕ್ಟರ ಗೀಚುಬರಹವನ್ನೂ ಒಂದೇ ನೋಟಕ್ಕೆ ಓದಬಲ್ಲೆನೆಂಬ ಹೆಮ್ಮೆ ಅವನಿಗೆ ಬಂದಿತ್ತು. ಆ ಮಂಗಳವಾರ ಸಂಜೆ ಹೆಂಡತಿ ಐಶ್ವರ್ಯ ಗದ್ವಾಲದಿಂದ ತಂದ ಚೀಟಿಯನ್ನೂ ಹಾಗೆಯೇ ಓದಿದ. ಓದಿದವನು ಸ್ಟೂಲಿನ ಮೇಲೆ ಕುಸಿದು ಕುಳಿತ.

ಚೀಟಿ ಅವನ ಅವ್ವ ಶಂಕ್ರಮ್ಮನದು. ಆರು ತಿಂಗಳಿಂದ ಆಕೆಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ದನಿ ಒಡೆಯುತ್ತಿತ್ತು. ಕಣ್ಣು ಅರ್ಧ ಮುಚ್ಚಿಕೊಂಡೇ ಓಡಾಡುತ್ತಿದ್ದಳು. ಅಂದು ಸೊಸೆ ಕರೆದುಕೊಂಡು ಹೋದಾಗ ಗದ್ವಾಲದ ವಯಸ್ಸಾದ ಡಾಕ್ಟರು ಹಂಪಣ್ಣನವರು ಪರೀಕ್ಷೆ ಮಾಡಿ, ಕಾಯಿಲೆಯ ಹೆಸರು ಬರೆದು, ಆಕೆ ನುಂಗುವ ಗುಳಿಗೆಗಳನ್ನೆಲ್ಲ ತೆಗೆದುಕೊಂಡು ಶುಕ್ರವಾರ ಬರಬೇಕೆಂದು ಹೇಳಿ ಕಳಿಸಿದ್ದರು.

"ಏನಂತ ಬರದಾರ್ರಿ?" ಐಶ್ವರ್ಯ ಕೇಳಿದಳು.

"ಮಯಸ್ತೀನಿಯಾ."

ಆ ಹೆಸರನ್ನು ಅವನು ಮರೆಯುವಂತಿರಲಿಲ್ಲ. ಧನ್ವಾಡದ ಮೊಗುಲಪ್ಪ ಅದೇ ಕಾಯಿಲೆಯ ಗುಳಿಗೆಗೆಂದು ಎರಡು ವರ್ಷ ಅಂಗಡಿಗೆ ಬರುತ್ತಿದ್ದ. ಮೊದಲು ರೆಪ್ಪೆ ಜೋತುಬಿದ್ದವು. ಆಮೇಲೆ ತುತ್ತು ನುಂಗಲಾಗಲಿಲ್ಲ. ಕಡೆಗೆ ಉಸಿರೆಳೆಯುವ ಶಕ್ತಿಯೇ ಸೋತು, ಆಸ್ಪತ್ರೆಯ ದಾರಿಯಲ್ಲೇ ಹೋಗಿಬಿಟ್ಟ.

ಮರುದಿನದಿಂದ ಕಾಂತೇಶ ಅವ್ವನಿಗೆ ನೀರಿನ ಕೊಡ ಮುಟ್ಟಗೊಡಲಿಲ್ಲ. ಮಧ್ಯಾಹ್ನ ಆಕೆ ಅಡ್ಡಾದರೆ ಬಾಗಿಲಲ್ಲಿ ನಿಂತು ಎದೆ ಏರಿಳಿಯುವುದನ್ನೇ ನೋಡುತ್ತಿದ್ದ.

"ಹಿಂಗ್ಯಾಕ ನೋಡ್ತೀಯೋ? ನನಗೇನಾಗೇತಿ?"

"ಏನೂ ಇಲ್ಲವ್ವ. ಮಲಕ್ಕೋ."

ಶುಕ್ರವಾರ ಅಂಗಡಿ ಮುಚ್ಚಿ ತಾನೇ ಅವ್ವನನ್ನು ಕರೆದುಕೊಂಡು ಹೊರಟ. ಬಸ್ಸು ಜೂರಾಲ ಅಣೆಕಟ್ಟು ದಾಟುವಾಗ ಆಕೆ ನೀರು ನೋಡೆಂದು ತೋರಿಸಿದಳು. ಅವನಿಗೆ ಅತ್ತ ತಿರುಗಲಾಗಲಿಲ್ಲ. ಗದ್ವಾಲದಲ್ಲಿ ಆಕೆಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಒಬ್ಬನೇ ಒಳಗೆ ಹೋದ.

"ಸರ್, ಅವ್ವ ಇನ್ನ ಎಷ್ಟು ದಿನ ಅಂತ ಹೇಳಿಬಿಡ್ರಿ."

ಹಂಪಣ್ಣನವರು ತಲೆ ಎತ್ತಿದರು. "ಎಷ್ಟು ದಿನ ಅಂದ್ರ?"

"ಮಯಸ್ತೀನಿಯಾ ಅಂತ ಬರದೀರಲ್ರಿ."

ಅವರು ಚೀಟಿ ಇಸಿದುಕೊಂಡು ಆ ಹೆಸರಿನ ಮೇಲೆ ಬೆರಳಿಟ್ಟರು. "ಸರಿಯಾಗಿ ಓದು. ಇಲ್ಲೊಂದು ಎಕ್ಸ್ ಐತಿ. ಮಿಕ್ಸಸ್ತೀನಿಯಾ. ನೀ ಹೇಳೋದು ಮಾಂಸಖಂಡದ್ದು, ನಾ ಬರದದ್ದು ಲೋಳೆಪೊರೆದು. ಬಾಯಿ, ಮೂಗು, ಗಂಟಲ ಒಳಗ ತೆಳ್ಳನ ಪೊರಿ ಇರ್ತೈತಲ್ಲ, ಅದು ಸೊರಗಿ ಒಣಗೇತಿ, ಅಷ್ಟೇ. ಹಳೇ ಹೆಸರದು, ಈಗ ಯಾರೂ ಬರಿಯಂಗಿಲ್ಲ. ನಾ ಕಲ್ತದ್ದು ಹಂಗ."

ಕಾಂತೇಶ ನೋಡಿದ. ಅಕ್ಷರ ಸ್ಪಷ್ಟವಾಗಿಯೇ ಇತ್ತು. ಅವನು ತನಗೆ ಗೊತ್ತಿದ್ದ ಹೆಸರನ್ನು ಓದಿಕೊಂಡಿದ್ದ. ಕಣ್ಣಲ್ಲಿ ನೀರು ತುಂಬಿ ಬಂತು. ಓಡಿಹೋಗಿ ಅವ್ವನನ್ನು ಒಳಗೆ ಕರೆತಂದ.

ಡಾಕ್ಟರು ಆಕೆ ತಂದಿದ್ದ ಚೀಲದ ಗುಳಿಗೆಗಳನ್ನು ಮೇಜಿನ ಮೇಲೆ ಸುರಿದು, ಒಂದು ಬಿಳಿ ಗುಳಿಗೆಯ ಹಾಳೆಯನ್ನು ಎತ್ತಿಕೊಂಡರು.

"ಇದು ಯಾತಕ್ಕಮ್ಮ?"

"ಮೈ ತುರಿಕಿಗ್ರಿ," ಎಂದಳು ಶಂಕ್ರಮ್ಮ. "ದಿನಾ ಎರಡು. ಮೂರು ವರ್ಷಾತು."

"ಯಾರು ಬರದುಕೊಟ್ರು?"

"ಯಾರೂ ಬರದಿಲ್ರಿ. ನನ್ನ ಮಗನೇ ಕೊಡ್ತಾನ. ಭಾಳ ಚಲೋ ಗುಳಿಗಿ."

ಹಂಪಣ್ಣನವರು ಕನ್ನಡಕ ತೆಗೆದು ಕಾಂತೇಶನನ್ನು ನೋಡಿದರು. "ಇದು ಬಾಯಿ, ಕಣ್ಣು ಒಣಗಿಸ್ತೈತಿ ಅಂತ ನಿನಗ ಗೊತ್ತಿಲ್ಲೇನಪ್ಪ?"

ಗೊತ್ತಿತ್ತು. ಎಷ್ಟೋ ಗಿರಾಕಿಗಳಿಗೆ ಅವನೇ ಹೇಳಿದ್ದ. ಅವ್ವನಿಗೆ ಮೊದಲು ಕೊಟ್ಟದ್ದು ಒಂದು ವಾರಕ್ಕೆ. ಆಮೇಲೆ ಆಕೆ ಕೇಳಿದಾಗಲೆಲ್ಲ ಡಬ್ಬಿಗೆ ಕೈ ಹಾಕಿ ಕೊಟ್ಟಿದ್ದ. ಗುಳಿಗೆ ಇವತ್ತೇ ನಿಲ್ಲಿಸಬೇಕೆಂದು ಡಾಕ್ಟರು ಹೇಳಿದ್ದಷ್ಟೇ ಅವನಿಗೆ ಕೇಳಿಸಿತು.

ಬಸ್ಸಿನಲ್ಲಿ ಹೇಳಿದ. "ಅವ್ವ, ನಾ ಕೊಟ್ಟ ಗುಳಿಗಿಯಿಂದಾನೇ ನಿನಗ ಹಿಂಗಾಗಿದ್ದು."

"ನಾನೇ ಕೇಳಿ ಇಸ್ಕೊಂಡೆನಲ್ಲೋ."

"ಕೇಳಿದ್ರೂ ನಾ ಕೊಡಬಾರದಿತ್ತು."

ಆಕೆ ಕಿಟಕಿಯ ಕಡೆ ತಿರುಗಿ ಕುಳಿತಳು. ಬೈದಿದ್ದರೆ ಚೆನ್ನಾಗಿತ್ತು ಎಂದುಕೊಂಡ.

ಮರುದಿನ ಅಂಗಡಿ ತೆರೆದ ಕೂಡಲೇ ಹಿಂದಿನ ಓಣಿಯ ಪೋಚಮ್ಮ ಬಂದಳು. "ಆ ತುರಿಕಿ ಗುಳಿಗಿ ಹತ್ತು ಕೊಡಪ್ಪ."

ಡಬ್ಬಿಗೆ ಹೋದ ಕೈ ಅಲ್ಲೇ ನಿಂತಿತು. "ಅಮ್ಮಾ, ಸ್ವಲ್ಪ ನಾಲಿಗಿ ತೋರಸ್ರಿ."

ಆಕೆ ನಗುತ್ತ ತೋರಿಸಿದಳು. ಬೇಸಿಗೆಯ ಎರೆಹೊಲದಂತೆ ಬಿರಿದಿತ್ತು.

"ಎಷ್ಟು ದಿನದಿಂದ ತಗೊಳ್ಳಾಕತ್ತೀರಿ?"

"ನೀನೇ ಕೊಡಾಕತ್ತೀಯಲ್ಲ, ಹೋದ ಉಗಾದಿಯಿಂದ."

ಕಾಂತೇಶ ಆಕೆಗೆ ಕುರ್ಚಿ ಹಾಕಿ ಕೂರಿಸಿ, ಒಂದು ಹಾಳೆ ತೆಗೆದು, ಆ ಗುಳಿಗೆ ಯಾರ್‍ಯಾರು ಒಯ್ಯುತ್ತಿದ್ದರೆಂದು ನೆನಪು ಮಾಡಿಕೊಂಡು ಬರೆಯತೊಡಗಿದ. ಹದಿನಾಲ್ಕು ಹೆಸರು ಬಂದವು. ಆ ವಾರವೆಲ್ಲ ಅವರ ಮನೆಮನೆಗೆ ಹೋಗಿ, ಗುಳಿಗೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿರೆಂದು ಹೇಳಿಬಂದ. ಇಬ್ಬರು ಬೈದರು.

ತಿಂಗಳೊಪ್ಪತ್ತಿನಲ್ಲಿ ಶಂಕ್ರಮ್ಮನ ಬಾಯಲ್ಲಿ ನೀರೂರತೊಡಗಿತು. ಆದರೆ ಒಣಬಾಯಲ್ಲಿ ಹುಳುಕು ಹಿಡಿದಿದ್ದ ಎರಡು ದವಡೆಹಲ್ಲು ಉಳಿಯಲಿಲ್ಲ, ಕೀಳಿಸಬೇಕಾಯಿತು. ಈಗ ಆಕೆ ರೊಟ್ಟಿಯನ್ನು ಒಂದೇ ಕಡೆಯಿಂದ ಅಗಿಯುತ್ತಾಳೆ. ಎದುರು ಕುಳಿತು ಉಣ್ಣುವ ಕಾಂತೇಶ ತಲೆ ಎತ್ತುವುದಿಲ್ಲ.