ಒಂದು ಸರದಿ ಕಡಿಮೆ

ಚೆಂಡು ಪಕ್ಕೆಲುಬಿಗೆ ಬಡಿದಾಗ ಕುರಮೋಚಿಗೆ ಮೊದಲು ಆದದ್ದು ನೋವಲ್ಲ, ನಾಚಿಕೆ. ಬ್ಯಾಟು ಬೀಸಲೇ ಇಲ್ಲ.

ಚೆಂಡು ಎಸೆದವನು ಎದುರು ತಂಡದ ಹಟಕೆದ. ಅವನು ಟೋಪಿ ತೆಗೆದು, ಸೊಂಟ ಬಗ್ಗಿಸಿ ನಿಂತಿದ್ದ. ನಿವೃತ್ತನಾಗುವ ದಾಂಡಿಗನಿಗೆ ಕೊನೆಯ ಸರದಿಯಲ್ಲಿ ನೇರ ಎಸೆತಗಳನ್ನೇ ಕೊಡುವುದು ಮರ್ಯಾದೆ. ಮರ್ಯಾದೆ ಕೊಡುವ ಗಾಬರಿಯಲ್ಲಿ ಅವನ ಕೈ ಜಾರಿತ್ತು.

ಬೇಸ್‌ಬಾಲ್‌ನಲ್ಲಿ ಚೆಂಡು ಮೈಗೆ ತಾಗಿದವನು ಮೊದಲ ಬೇಸ್‌ಗೆ ನಡೆಯಬಹುದು. ಆ ಸರದಿ ಮಾತ್ರ ಲೆಕ್ಕಕ್ಕಿಲ್ಲ. ನಾಲ್ಕು ಸಾವಿರ ಸರದಿ ತುಂಬದವನಿಗೆ ಸಾರ್ವಕಾಲಿಕ ದಾಂಡಿಗರ ಪಟ್ಟಿಯಲ್ಲಿ ಜಾಗವಿಲ್ಲ. ಕುರಮೋಚಿಯದು ಒಂದು ಕಡಿಮೆ. ಇಂದು ಹೊಡೆಯಬೇಕಾಗಿಯೂ ಇರಲಿಲ್ಲ. ಬೀಸಿ ಔಟಾಗಿದ್ದರೆ ಸಾಕಿತ್ತು, ಒಂಬತ್ತನೆಯ ಸ್ಥಾನ ಅವನದು. ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿದವನಿಗೆ ಇದು ತಮಾಷೆಯಾಗಿ ಕಾಣಬೇಕಿತ್ತು. ಕಾಣಲಿಲ್ಲ.

ಒಂಬತ್ತನೆಯವರಾದ ಮೇಲೆ ಏನು ಮಾಡುತ್ತೀರಿ ಎಂದು ಬೆಳಿಗ್ಗೆ ಹೆಂಡತಿ ಕೇಳಿದ್ದಳು. ಅವನು ಬಟ್ಟಲೆತ್ತಿ ಮಿಸೋ ಸಾರು ಕುಡಿದಿದ್ದ.

ನಿಶಿವಾಕಿ ಮೈದಾನದೊಳಕ್ಕೆ ಬಂದ. ಕಾಲೇಜು ತಂಡದಲ್ಲಿ ಕುರಮೋಚಿಯ ಬೂಟು ಒರೆಸುತ್ತಿದ್ದ, ಎರಡು ವರ್ಷ ಕಿರಿಯ. ಈಗ ತಂಡದ ಮುಖ್ಯಸ್ಥ.

"ಪೆಟ್ಟಾಯ್ತಾ ಅಣ್ಣ?"

"ಏನಿಲ್ಲ."

"ಹಾಗಾದ್ರೆ ಆಡ್ತಾ ಇರ್ತೀರಾ? ಇನ್ನೊಂದು ಸರದಿ ಬಂದ್ರೂ ಬರ್ಬೋದು."

ಕುರಮೋಚಿಗೆ ಬೇಕಾಗಿದ್ದುದೂ ಅದೇ. ಆದರೆ ಮೊದಲ ಸಲ ಕೇಳಿದಾಗಲೇ ಹೂಂ ಎನ್ನುವವನು ಆಸೆಬುರುಕ. ಎರಡನೆಯ ಬಟ್ಟಲು ಚಹಾಕ್ಕೂ ಮೊದಲು ಬೇಡವೆನ್ನಬೇಕು. ಕೇಳಿದವರು ಮತ್ತೆ ಕೇಳಬೇಕು.

"ಬೇಡ ಬಿಡಪ್ಪ. ಹುಡುಗ್ರು ಕಾಯ್ತಿದಾರೆ."

ಹೇಳಿ, ಕಾದ. ನಿಶಿವಾಕಿ ಅವನ ಮುಖವನ್ನೇ ನೋಡಿದ. ಮತ್ತೆ ಕೇಳಿದರೆ ಹಿರಿಯರ ಮಾತು ಮೀರಿದಂತೆ ಎಂದುಕೊಂಡನೋ, ಇಲ್ಲ ನಿಜಕ್ಕೂ ನಂಬಿಬಿಟ್ಟನೋ.

"ನಿಮ್ಮ ದೊಡ್ಡತನ, ಅಣ್ಣ."

ತಲೆಬಾಗಿ, ಬದಲಿ ಓಟಗಾರನಿಗೆ ಕೈಸನ್ನೆ ಮಾಡಿದ. ಬದಲಿಯವನು ಒಳಗೆ ಬಂದರೆ ಹೊರಗೆ ಹೋದವನು ಮತ್ತೆ ಆಡುವಂತಿಲ್ಲ. ಕುರಮೋಚಿ ಬಾಯಿ ತೆರೆದ. ಆ ಹೊತ್ತಿಗೆ ಓಟಗಾರ ಬಂದು ಅವನೆದುರು ಬಗ್ಗಿ ನಿಂತಿದ್ದ. ಕುರಮೋಚಿಯೂ ಬಗ್ಗಿದ.

ವರ್ಷದ ಕೊನೆಯ ಆಟ ಸಂಜೆಗೆ ಮೊದಲೇ ಮುಗಿಯಿತು. ಹೂಗುಚ್ಛ ಬಂತು. ನಾನು ಎಲ್ಲರಿಗೂ ಋಣಿ ಎಂದ. ಸಂಗಡಿಗರು ವಾಡಿಕೆಯಂತೆ ಅವನನ್ನು ಅಂಗಾತ ಎತ್ತಿ ಆಕಾಶಕ್ಕೆ ಎಸೆದರು. ಸಾಕು ಎಂದ. ಕೆಳಗೆ ಬಂದವನನ್ನು ಹಿಡಿದು ಮತ್ತೆ ಎಸೆದರು. ಬೇಡಪ್ಪ ಬೇಡ ಎಂದ. ಈ ಸಲ ನಿಜವಾಗಿಯೇ ಬೇಡವಾಗಿತ್ತು. ಯಾರೂ ನಂಬಲಿಲ್ಲ.

ಮೇಲೆ ಹೋದಾಗಲೆಲ್ಲ ಕತ್ತು ಹೊರಳಿ ಅವನಿಗೆ ದಾಂಡಿಗ ನಿಲ್ಲುವ ಚೌಕ ಕಾಣುತ್ತಿತ್ತು. ಮೈದಾನದ ಇಬ್ಬರು ಕೆಲಸಗಾರರು ಪೊರಕೆ ಹಿಡಿದು ಅದರ ಸುಣ್ಣದ ಗೆರೆಗಳನ್ನು ಗುಡಿಸುತ್ತಿದ್ದರು. ಮೊದಲ ಸಲ ನಾಲ್ಕು ಗೆರೆಗಳಿದ್ದವು, ಆಮೇಲೆ ಎರಡು. ಮತ್ತೆ ಎಸೆದರು.