ಹಳದಿ ಬೊಟ್ಟು

ಹಳೇ ಗಾಡಿ ಕೊಳ್ಳಲು ಬರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬಾಗಿಲು ತೆಗೆದು ಹಾಕಿ ನೋಡುತ್ತಾರೆ, ಸೀಟು ಒತ್ತಿ ನೋಡುತ್ತಾರೆ, ಹಾಡು ಹಾಕಿ ಕೇಳುತ್ತಾರೆ. ಟಯರಿಗೊಂದು ಒದೆ ಕೊಟ್ಟು, ಏನೋ ಅರ್ಥವಾದವರಂತೆ ತಲೆಯಾಡಿಸುತ್ತಾರೆ. ಇಂಜಿನ್ನಿನೊಳಗೆ ಏನಿದೆ ಎಂದು ಕೇಳುವವರು ನೂರಕ್ಕೆ ಒಬ್ಬರು. ಇಪ್ಪತ್ತಾರು ವರ್ಷದಿಂದ ಗಾಡಿ ಬಿಚ್ಚುತ್ತಿರುವ ನಾನು ಇಂಥವರಿಗೆ ಬೈದೇ ಬುದ್ಧಿ ಹೇಳಿದ್ದೇನೆ. ಅದಕ್ಕೇ ಅಕ್ಕ ಒಂದು ದೊಡ್ಡ ಗಾಡಿ ಕೊಳ್ಳಬೇಕೆಂದು ಹೊರಟಾಗ ಬೇರೆ ಯಾರನ್ನೂ ಕೇಳಲಿಲ್ಲ. "ನೀನು ಹೂಂ ಅಂದ್ರೆ ತಗೋತೀವಿ, ಊಹೂಂ ಅಂದ್ರೆ ಬಿಡ್ತೀವಿ" ಎಂದಳು.

ಅಕ್ಕ ಸಸಿ ಬೆಳೆಸಿ ಮಾರುವವಳು. ಅವಳ ಮನೆಯ ಹಿಂದೆ ಹಸಿರು ಪರದೆಯ ಕೆಳಗೆ ಸಾಲುಸಾಲು ಕುಂಡಗಳು, ಮಣ್ಣಿನ ಗುಡ್ಡೆ, ಕಾಲಿಗೆ ತೊಡರುವ ನೀರಿನ ಪೈಪು. ಬಾಡಿಗೆ ವ್ಯಾನಿನವನ ಹಿಂದೆ ಅಲೆದು ಅವಳಿಗೆ ಸಾಕುಸಾಕಾಗಿತ್ತು. ಹಿಂದಿನ ಸೀಟು ಮಡಚಿದರೆ ನಲವತ್ತು ಕುಂಡ ಹಿಡಿಸಬೇಕು, ಏರಿನಲ್ಲಿ ತಿಣುಕಬಾರದು, ಅಂಥ ಗಾಡಿ ಬೇಕಿತ್ತು. ಓಡಿಸುವವರು ಭಾವ. ಅವರು ಶಾಲೆಯೊಂದರಲ್ಲಿ ಗುಮಾಸ್ತರು, ತಮ್ಮ ಪಾಡಿಗೆ ತಾವಿರುವ ಮನುಷ್ಯ. ನಲವತ್ತೆಂಟನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತರು, ಅದೂ ಅಕ್ಕನ ಕುಂಡಗಳಿಗೋಸ್ಕರ. ಹಿಂದಿನಿಂದ ಸೈಕಲ್ಲಿನವನು ಬೆಲ್ ಹೊಡೆದರೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ.

ಅವರು ನೋಡಿಟ್ಟಿದ್ದು ಹಲ್ಲಿನ ಡಾಕ್ಟರೊಬ್ಬರ ಗಾಡಿ. ಆ ಮಾದರಿಯ ಹುಟ್ಟುಗುಣವೆಲ್ಲ ನನಗೆ ಬಾಯಿಪಾಠ. ಮೊದಲ ಎರಡು ವರ್ಷ ಬಂದ ಇಂಜಿನ್ನುಗಳಲ್ಲಿ ಒಂದು ಹುಳುಕಿತ್ತು. ಇಂಜಿನ್ನಿನೊಳಗೆ ಒಂದು ಚೈನ್ ಇರುತ್ತದೆ. ಕೆಳಗಿನ ಪಿಸ್ಟನ್ನನ್ನೂ ಮೇಲಿನ ವಾಲ್ವನ್ನೂ ಲೆಕ್ಕ ತಪ್ಪದಂತೆ ನಡೆಸುವುದು ಅದೇ. ಆ ಚೈನ್ ಸಡಿಲವಾಗದಂತೆ ಒತ್ತಿ ಹಿಡಿಯುವ ಬೆರಳುದ್ದದ ತುಂಡಿಗೆ ಟೆನ್ಷನರ್ ಎನ್ನುತ್ತೇವೆ. ಮೊದಮೊದಲು ಬಂದ ಟೆನ್ಷನರುಗಳು ಕೆಲವು ವರ್ಷಕ್ಕೇ ಸೋಲುತ್ತಿದ್ದವು. ಅದು ಸೋತರೆ ಚೈನ್ ಜಾರುತ್ತದೆ, ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ, ಓಡುತ್ತಿರುವ ಇಂಜಿನ್ ಆ ಕ್ಷಣವೇ ಸಾಯುತ್ತದೆ. ಕಂಪನಿ ಇಂಜಿನ್ ನಂಬರುಗಳ ಪಟ್ಟಿ ಮಾಡಿ, ಗಾಡಿಗಳನ್ನು ವಾಪಸ್ ಕರೆಸಿ, ಹೊಸ ಟೆನ್ಷನರ್ ಹಾಕಿಸಿಕೊಟ್ಟಿತು. ಹಾಕಿದ್ದಕ್ಕೆ ಗುರುತಾಗಿ ಮುಂದಿನ ಕವರಿನ ಕೆಳಗಿನ ಬೋಲ್ಟಿನ ಮೇಲೆ ಒಂದು ಹಳದಿ ಬೊಟ್ಟು.

ಈ ಗಾಡಿ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ. ಇಂಜಿನ್ ನಂಬರ್ ಪಟ್ಟಿಯಲ್ಲಿದೆಯೇ ನೋಡಿ. ಇದ್ದರೆ ಬೆಳಿಗ್ಗೆ ಬೇಗ ಹೋಗಿ, ತಣ್ಣಗಿರುವ ಇಂಜಿನ್ನನ್ನು ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ ಕಿವಿಗೊಡಿ. ಮೊದಲ ಎರಡು ಮೂರು ಸೆಕೆಂಡು ಡಬ್ಬಿಯಲ್ಲಿ ಮೊಳೆ ಅಲ್ಲಾಡಿಸಿದಂಥ ಸದ್ದು ಬಂದರೆ ಟೆನ್ಷನರ್ ಸೋತಿದೆ. ಇಂಜಿನ್ ಬಿಸಿ ಇದ್ದರೆ ಆ ಸದ್ದು ಕೇಳುವುದಿಲ್ಲ. ಆಮೇಲೂ ಅನುಮಾನವಿದ್ದರೆ ಕವರ್ ಬಿಚ್ಚಿಸಿ, ಮೂರು ಗಂಟೆಯ ಕೆಲಸ. ಬೊಟ್ಟನ್ನು ಮಾತ್ರ ನಂಬಬೇಡಿ ಎಂದೂ ಹೇಳುತ್ತೇನೆ. ಯಾಕೆ ಎಂದು ಯಾರಿಗೂ ಹೇಳಿರಲಿಲ್ಲ.

ಯಾಕೆಂದರೆ ಸ್ವಂತ ಗ್ಯಾರೇಜ್ ಹಾಕುವ ಮೊದಲು ನಾನು ಆ ಕಂಪನಿಯದೇ ಒಂದು ಸರ್ವಿಸ್ ಸೆಂಟರಿನಲ್ಲಿದ್ದೆ. ವಾಪಸ್ ಕರೆಸಿದ ಗಾಡಿಗಳೆಲ್ಲ ನಮ್ಮಲ್ಲಿಗೆ ಬರುತ್ತಿದ್ದವು. ಒಂದು ತಿಂಗಳ ಕೊನೆಯ ದಿನ ಹನ್ನೊಂದು ಗಾಡಿ ಉಳಿದುಬಿಟ್ಟವು. ಟೆನ್ಷನರುಗಳ ಪೆಟ್ಟಿಗೆ ಬಂದಿರಲಿಲ್ಲ, ಅತ್ತ ಗಾಡಿಯವರು ಸಂಜೆಗೆ ಬೇಕು ಎಂದು ಫೋನಿನಲ್ಲಿ ತಲೆ ತಿನ್ನುತ್ತಿದ್ದರು. ಸೂಪರ್‌ವೈಸರ್ ನನ್ನ ಹೆಗಲ ಮೇಲೆ ಕೈ ಹಾಕಿ, "ಬೊಟ್ಟು ಇಟ್ಟು ಕಳಿಸಿಬಿಡಪ್ಪ. ಮುಂದಿನ ಸರ್ವಿಸ್‌ಗೆ ಬಂದಾಗ ಹಾಕಿದ್ರಾಯ್ತು" ಎಂದ. ನಾನು ಇಲ್ಲ ಎನ್ನಬಹುದಿತ್ತು. ಕುಂಚ ಅದ್ದಿ ಹನ್ನೊಂದಕ್ಕೂ ಇಟ್ಟೆ. ಎರಡು ತಿಂಗಳಿಗೆ ಕೆಲಸ ಬಿಟ್ಟೆ. ಆ ಗಾಡಿಗಳು ಮತ್ತೆ ಬಂದವೋ ಇಲ್ಲವೋ ನನಗೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳಲೂ ಹೋಗಲಿಲ್ಲ.

ಡಾಕ್ಟರ ಕ್ಲಿನಿಕ್ಕಿನ ಪಕ್ಕದ ಓಣಿಯಲ್ಲಿ ಗಾಡಿ ನಿಂತಿತ್ತು. ನಾವು ಹೋದಾಗ ಮಧ್ಯಾಹ್ನ. ಬಾನೆಟ್ಟಿನ ಮೇಲೆ ಕೈಯಿಟ್ಟೆ, ಬಿಸಿಯಿತ್ತು. ಡಾಕ್ಟರು ಆಗಷ್ಟೇ ಮನೆಯಿಂದ ಓಡಿಸಿಕೊಂಡು ಬಂದಿದ್ದರು. ಇಂಜಿನ್ ನಂಬರ್ ನೋಡಿದೆ, ಪಟ್ಟಿಯೊಳಗಿನದೇ. ಬೇರೆ ಗಿರಾಕಿಯಾಗಿದ್ದರೆ ನಾಳೆ ಬೆಳಿಗ್ಗೆ ಬರೋಣ ಎಂದು ಎಳೆದುಕೊಂಡು ಹೋಗುತ್ತಿದ್ದೆ. ಆದರೆ ನೆಲಕ್ಕೆ ಬೆನ್ನು ಹಚ್ಚಿ ಟಾರ್ಚ್ ಬಿಟ್ಟಾಗ ಬೋಲ್ಟಿನ ಮೇಲೆ ಹಳದಿ ಬೊಟ್ಟು ಕಂಡಿತು. ನಾನು ಎಡಚ. ಕುಂಚ ಎತ್ತುವಾಗ ನಾನಿಟ್ಟ ಬೊಟ್ಟಿನ ಬಾಲ ಎಡಕ್ಕೆ ಹೋಗುತ್ತದೆ, ಆ ಸೆಂಟರಿನಲ್ಲಿ ಬೇರೆ ಯಾರದೂ ಹಾಗೆ ಹೋಗುತ್ತಿರಲಿಲ್ಲ. ಇದರದು ಎಡಕ್ಕೆ ಹೋಗಿತ್ತು.

ಆಗ ನನಗೆ ಹನ್ನೊಂದು ಗಾಡಿ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ನಾನು ನಿಯತ್ತಾಗಿ ಬಿಚ್ಚಿ ಹಾಕಿದವು ಮುನ್ನೂರಕ್ಕೆ ಕಡಿಮೆಯಿಲ್ಲ, ಅದರಲ್ಲಿ ಹನ್ನೊಂದು ಯಾವ ಲೆಕ್ಕ ಎಂದು ಮಲಗಿದಲ್ಲೇ ಸಮಾಧಾನ ಮಾಡಿಕೊಂಡೆ. ಡಾಕ್ಟರು ಗಡಿಯಾರ ನೋಡುತ್ತಿದ್ದರು, ಒಳಗೆ ಯಾರೋ ಬಾಯಿ ತೆರೆದುಕೊಂಡು ಕಾಯುತ್ತಿದ್ದರಂತೆ. ಅಕ್ಕನ ಚಪ್ಪಲಿ ನನ್ನ ಕಿವಿಯ ಪಕ್ಕದಲ್ಲೇ ಇತ್ತು. "ಏನೋ, ಹೇಗಿದೆ?" ಎಂದು ಬಗ್ಗಿದಳು. ಅವಳೆದುರು ದೊಡ್ಡವನಾಗುವ ಚಪಲ ನನಗೆ ಚಿಕ್ಕಂದಿನಿಂದಲೂ ಇದೆ.

"ಕಣ್ಣು ಮುಚ್ಕೊಂಡು ತಗೋ ಅಕ್ಕ. ಇದಕ್ಕೆ ಟೆನ್ಷನರ್ ಹಾಕಿದ್ದು ನಾನೇ, ನನ್ನ ಕೈಯಾರೆ" ಎಂದೆ.

ಅಕ್ಕನ ಮುಖ ಅರಳಿತು. ಭಾವ ಮಾತ್ರ, "ಒಂದ್ಸಲ ಬೆಳಿಗ್ಗೆ ಬಂದು ನೋಡೋಣ್ವಾ? ನೀನೇ ಯಾವಾಗ್ಲೂ ಹಾಗೆ ಹೇಳ್ತಿದ್ದೆ" ಎಂದು ಮೆಲ್ಲಗೆ ಕೇಳಿದರು. ಅಕ್ಕ ಅವರತ್ತ ತಿರುಗಿ, "ಅವನಿಗಿಂತ ನಿಮಗೆ ಜಾಸ್ತಿ ಗೊತ್ತಾ?" ಎಂದಳು. ಭಾವ ನಕ್ಕರು. ನಾನೂ ನಕ್ಕೆ.

ಮೂರು ತಿಂಗಳು ಗಾಡಿ ಚೆನ್ನಾಗಿಯೇ ಓಡಿತು. ಆಮೇಲೆ ಒಂದು ಬೆಳಿಗ್ಗೆ ಭಾವ ಆಸ್ಪತ್ರೆಯಿಂದ ಫೋನ್ ಮಾಡಿದರು. ಕುಂಡ ತುಂಬಿಕೊಂಡು ಗುಡ್ಡದ ರಸ್ತೆ ಇಳಿಯುತ್ತಿದ್ದರಂತೆ. ತಿರುವಿಗೆ ಮೊದಲು ನಾಲ್ಕರಿಂದ ಮೂರನೇ ಗೇರಿಗೆ ತಂದರಂತೆ. ಇಂಜಿನ್ ಕಟಕ್ಕೆಂದು ನಿಂತಿತು, ಸ್ಟಿಯರಿಂಗ್ ಕಲ್ಲಾಯಿತು, ಗಾಡಿ ತಿರುವಿನ ಕಲ್ಲಿನ ಕಟ್ಟೆಗೆ ಹೋಗಿ ಬಡಿಯಿತು. ಮುಂದಿನ ಸೀಟಿನಲ್ಲಿದ್ದ ಅಕ್ಕ ಕೈ ಅಡ್ಡ ಕೊಟ್ಟಿದ್ದಳು, ಬಲಗೈ ಮಣಿಕಟ್ಟಿನ ಹತ್ತಿರ ಮುರಿದಿತ್ತು. ಭಾವನಿಗೆ ಏನೂ ಆಗಿರಲಿಲ್ಲ.

ಇಳಿಜಾರಿನಲ್ಲಿ ವೇಗವಾಗಿ ಹೋಗುವಾಗ ಮೂರರ ಬದಲು ಒಂದನೇ ಗೇರಿಗೆ ಬಿದ್ದರೂ ಇಂಜಿನ್ ಹೀಗೇ ಹಾಳಾಗಬಹುದು. ಎಡಕ್ಕೆ ಹೋದ ಬೊಟ್ಟಿನ ಬಾಲ ನನಗೆ ನೆನಪಾಗಿತ್ತು. ಬಾಯಿ ಮಾತ್ರ ಅದರ ಪಾಡಿಗೆ ಕೆಲಸ ಮಾಡಿತು. "ಭಾವ, ತಪ್ಪಿ ಒಂದನೇ ಗೇರ್ ಬಿತ್ತಾ?" ಎಂದು ಕೇಳಿದೆ.

"ಇಲ್ಲಪ್ಪ, ಮೂರಕ್ಕೇ ಹಾಕ್ದೆ" ಎಂದರು. ಆಮೇಲೆ, "ಮೂರಕ್ಕೇ ಅನ್ಸುತ್ತೆ" ಎಂದರು.

ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದ ಅಕ್ಕನಿಗೆ ತಪ್ಪು ಅವರದೇ ಎನ್ನಲು ಅಷ್ಟು ಸಾಕಾಯಿತು.

ಎರಡು ದಿನ ಬಿಟ್ಟು ಗಾಡಿ ನನ್ನ ಗ್ಯಾರೇಜಿಗೆ ಬಂತು. ಒಬ್ಬನೇ ಕವರ್ ಬಿಚ್ಚಿದೆ. ಹೊಸ ಟೆನ್ಷನರಿನ ಮೇಲೆ ಎರಡು ಗೀರು ಕೊರೆದಿರುತ್ತಾರೆ, ಹಳೆಯದರ ಮೇಲೆ ಒಂದೇ. ಎಣ್ಣೆ ಒರೆಸಿ ನೋಡಿದೆ. ಒಂದೇ ಗೀರು. ಬೆಳಕಿಗೆ ಹಿಡಿದು ಮತ್ತೆ ನೋಡಿದೆ, ಎರಡನೆಯದು ಎಲ್ಲಿಂದ ಬರಬೇಕು. ಕಾರ್ಖಾನೆಯಲ್ಲಿ ಹಾಕಿದ ತುಂಡು ಹಾಗೇ ಕೂತಿತ್ತು, ಸೋತು, ಅರ್ಧ ಒಳಗೆ ಜಗ್ಗಿಹೋಗಿ. ಹನ್ನೊಂದರಲ್ಲಿ ಇದೂ ಒಂದು. ಅದನ್ನು ಬಟ್ಟೆಯಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟೆ, ಕೈ ತೊಳೆದೆ, ಅಕ್ಕನ ಮನೆಗೆ ಹೋದೆ. ಹೇಳಿಬಿಡಬೇಕೆಂದೇ ಹೋಗಿದ್ದೆ.

ಅಕ್ಕ ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದಳು. ಭಾವ ಹಿತ್ತಲಲ್ಲಿ ಕುಂಡಗಳಿಗೆ ನೀರು ಹಾಕುತ್ತಿದ್ದರು. "ಆ ಸಾಲಿಗೆ ಅಷ್ಟು ನೀರು ಬೇಡ. ಕೊಳೆತುಹೋಗುತ್ತೆ. ಗಾಡಿಗೆ ಒಂದು ಗತಿ ಕಾಣಿಸಿದ್ದಾಯ್ತು, ಇನ್ನು ಗಿಡಗಳನ್ನೂ ಮುಗಿಸಿ" ಎಂದು ಅಕ್ಕ ಕಿಟಕಿಯಿಂದ ಕೂಗಿದಳು. ಆಮೇಲೆ ನನ್ನತ್ತ ತಿರುಗಿ, "ಬಿಚ್ಚಿದ್ಯಾ? ಗೇರಿಂದಲೇ ಅಲ್ವಾ?" ಎಂದಳು.

"ಇನ್ನೂ ಪೂರ್ತಿ ನೋಡಿಲ್ಲ" ಎಂದೆ.

ಅಲ್ಲಿಂದ ಇಪ್ಪತ್ತು ದಿನ ನನ್ನದು ಅದೇ ಮಾತು. ದಿನವೂ ಸಂಜೆ ಹೋಗುತ್ತಿದ್ದೆ. ಹೋಗದಿದ್ದರೆ ಅನುಮಾನ ಬರುತ್ತದೆಂದು ಹೋಗುತ್ತಿದ್ದೆ, ಹೋದರೆ ಹೇಳುವ ಧೈರ್ಯ ಬರಬಹುದೆಂದೂ ಹೋಗುತ್ತಿದ್ದೆ. ಅಕ್ಕನಿಗೆ ಕೆಲಸವಿಲ್ಲದೆ ಕೂತು ಅಭ್ಯಾಸವಿಲ್ಲ. ಕಸಿ ಕಟ್ಟುವ ಕಾಲ ಕೈತಪ್ಪಿ ಹೋಗುತ್ತಿತ್ತು, ಆ ಸಿಟ್ಟೆಲ್ಲ ಭಾವನ ಮೇಲೆ. ನೋಡಲು ಬಂದವರಿಗೆಲ್ಲ ಕಥೆ ಹೇಳುತ್ತಿದ್ದಳು: ಇವರು ಮೂರಕ್ಕೆ ಹಾಕೋ ಬದಲು ಒಂದಕ್ಕೆ ಹಾಕಿದರು. ಬಂದವರು ನಗುತ್ತಿದ್ದರು, ಭಾವನೂ ಜೊತೆಗೆ ನಗುತ್ತಿದ್ದರು. ಮೊದಲ ವಾರ "ಇಲ್ಲ, ಮೂರಕ್ಕೇ" ಎನ್ನುತ್ತಿದ್ದವರು ಎರಡನೇ ವಾರ ಅದನ್ನೂ ಬಿಟ್ಟರು. ಅವಳ ತಲೆ ಬಾಚುವುದು, ಅವಳ ತಟ್ಟೆಗೆ ಕಲಸಿ ಕೊಡುವುದು, ಶಾಲೆಗೆ ಓಡುವುದು, ಬಂದು ಗಿಡಗಳಿಗೆ ನೀರು. ಎಲ್ಲವನ್ನೂ ದಂಡ ಕಟ್ಟುವವರ ಹಾಗೆ ಮಾಡುತ್ತಿದ್ದರು. ನನಗೆ ಅವರ ಮುಖ ನೋಡಲಾಗುತ್ತಿರಲಿಲ್ಲ. ನನ್ನ ಮೇಲಿನ ಸಿಟ್ಟಿಗೆ ಗ್ಯಾರೇಜಿನಲ್ಲಿ ಗಿರಾಕಿಗಳ ಮೇಲೆ ಎಗರುತ್ತಿದ್ದೆ.

ಇಪ್ಪತ್ತೊಂದನೇ ದಿನ ಭಾವ ನನ್ನನ್ನು ಬೀಳ್ಕೊಡಲು ಗೇಟಿನ ತನಕ ಬಂದರು. ಜೇಬಿನಿಂದ ಲೈಸೆನ್ಸ್ ತೆಗೆದು ನನ್ನ ಕೈಗಿಟ್ಟರು.

"ಇದನ್ನ ನಿನ್ನ ಹತ್ರ ಇಟ್ಕೋ. ಗಾಡಿ ರಿಪೇರಿ ಆದ್ಮೇಲೆ ಯಾರನ್ನಾದ್ರೂ ಡ್ರೈವರ್ ನೋಡು. ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ ಈಗ. ಅವತ್ತು ಅವಳ ಕೈ ಹೋಯ್ತು, ತಲೆ ಹೋಗಿದ್ರೆ?"

ಪ್ಲಾಸ್ಟಿಕ್ ಕಾರ್ಡಿನ ಮೇಲಿನ ಫೋಟೋದಲ್ಲಿ ಭಾವ ಕತ್ತಿನ ಗುಂಡಿಯನ್ನೂ ಹಾಕಿಕೊಂಡು ನೆಟ್ಟಗೆ ಕೂತಿದ್ದರು. ನನಗೆ ಇನ್ನು ತಡೆಯಲಾಗಲಿಲ್ಲ. ಅವರ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದೆ, ಅಕ್ಕನೆದುರು ನಿಂತೆ, ಎಲ್ಲವನ್ನೂ ಹೇಳಿದೆ. ತಿಂಗಳ ಕೊನೆ, ಬರದ ಪೆಟ್ಟಿಗೆ, ಹನ್ನೊಂದು ಬೊಟ್ಟು. ಬಾನೆಟ್ ಬಿಸಿಯಿದ್ದದ್ದು. ಎಡಕ್ಕೆ ಹೋದ ಬಾಲ ನೋಡಿದ ಮೇಲೂ ಕವರ್ ಬಿಚ್ಚದೆ ಹೂಂ ಅಂದದ್ದು. ಡ್ರಾಯರಿನಲ್ಲಿರುವ ಒಂದೇ ಗೀರಿನ ತುಂಡು. ಎಲ್ಲೂ ಸೂಪರ್‌ವೈಸರನ ಹಿಂದೆ ಅಡಗಿಕೊಳ್ಳಬಾರದೆಂದು ಹಟ ಹಿಡಿದು ಹೇಳಿದೆ, ಆದರೂ ಎರಡು ಸಲ ಅವನ ಮಾತು ಬಂತು.

ಮೊದಲು ಮಾತಾಡಿದವರು ಭಾವ.

"ಹಾಗಾದ್ರೆ ನಾನು ಮೂರಕ್ಕೇ ಹಾಕಿದ್ದೆ."

"ಹೌದು ಭಾವ."

"ಗೇರ್ ನೋಡಿದ್ಯಾ? ಖಂಡಿತಾನಾ?"

"ಖಂಡಿತ. ಟೆನ್ಷನರ್ ಸೋತೇ ಇಂಜಿನ್ ನಿಂತಿದ್ದು, ನಿಮ್ಮದೇನೂ ತಪ್ಪಿಲ್ಲ."

ಅವರು ಕುರ್ಚಿಗೆ ಕೈಯೂರಿ ಕೂತರು. ಸಿಟ್ಟು ಬರುತ್ತದೆಂದು ಕಾದೆ. ಬರಲಿಲ್ಲ. ತಮ್ಮ ಎಡಗೈಯನ್ನು ಒಂದು ಸಲ, ಬಲಗೈಯನ್ನು ಒಂದು ಸಲ ತಿರುಗಿಸಿ ನೋಡಿಕೊಂಡರು. "ನೀರು ಹಾಕೋದು ಅರ್ಧಕ್ಕೇ ಬಿಟ್ಟಿದ್ದೆ" ಎಂದು ಎದ್ದು ಹಿತ್ತಲಿಗೆ ಹೋದರು. ಆ ಹೊತ್ತಿಗೆ ನೀರು ಹಾಕಿ ಮುಗಿದಿತ್ತು, ನಾನೇ ನೋಡಿದ್ದೆ.

ಅಕ್ಕ ನನ್ನನ್ನು ಕೂರು ಎನ್ನಲಿಲ್ಲ.

"ಉಳಿದ ಹತ್ತು ಗಾಡಿ?" ಎಂದಳು.

"ಗೊತ್ತಿಲ್ಲ. ನಾಳೆ ಸೆಂಟರಿಗೆ ಹೋಗಿ ಬರೆದುಕೊಡ್ತೀನಿ. ಅವತ್ತಿನ ನಂಬರುಗಳು ಅಲ್ಲಿ ಇರುತ್ವೆ."

"ನಾಳೆ ಬೆಳಿಗ್ಗೆನೇ ಹೋಗು. ಅಲ್ಲಿಂದಲೇ ಫೋನ್ ಮಾಡಿ ಅಲ್ಲಿಯವರ ಕೈಲಿ ಮಾತಾಡಿಸು, ನೀನು ಹೇಳಿದ್ದು ನಂಬೋಕೆ ಇನ್ನು ನನಗೆ ಸ್ವಲ್ಪ ಟೈಮ್ ಬೇಕು."

"ಹೂಂ. ನಿನ್ನ ಗಾಡಿನ ನಾನೇ ಸರಿ ಮಾಡಿಕೊಡ್ತೀನಿ ಅಕ್ಕ. ಕೈ ಮುರಿಯೋ ಹಾಗೆ ಮಾಡಿದೆ, ನನ್ನನ್ನ…"

"ಕೈ ಬಿಡು, ಕೂಡುತ್ತೆ. ಗಾಡಿನೂ ಬಿಡು" ಎಂದಳು. ಅವಳ ಕಣ್ಣು ಕಿಟಕಿಯ ಕಡೆ ಇತ್ತು. ಹೊರಗೆ ಭಾವ ಬರಿಗೈಯಲ್ಲಿ ಕುಂಡಗಳ ನಡುವೆ ನಿಂತಿದ್ದರು, ನಮಗೆ ಬೆನ್ನು ಮಾಡಿಕೊಂಡು. "ಇಷ್ಟು ದಿನ ಬಾಯಿಗೆ ಬಂದ ಹಾಗೆ ಅವರಿಗೆ ಅಂದೆ. ಬಂದವರ ಮುಂದೆಲ್ಲ ಅಂದೆ. ಅವರು ಒಂದು ದಿನಾನೂ ತಿರುಗಿ ಬೈಲಿಲ್ಲ. ನೀನು ಇಲ್ಲೇ, ಪಕ್ಕದಲ್ಲೇ ಕೂತು ಕೇಳ್ತಾ ಇದ್ದೆ."